ತಂದೆ ಯಾರು ಎಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ, ಮತ್ತು ಮಗುವಿನ ಅನ್ನ

ಒಂಬತ್ತು ತಿಂಗಳು ಒಂಬತ್ತು ದಿನ ಎಂಬುದು ನಮ್ಮ ಅಜ್ಜಿಯಂದಿರ ಲೆಕ್ಕ. ಕಾನೂನಿನ ಲೆಕ್ಕ 280 ದಿನ. ಎರಡರ ನಡುವೆ ಮೂರು ನಾಲ್ಕು ದಿನಗಳ ಅಂತರವಷ್ಟೆ. 1872ರಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ಬರೆದವರು ಮಂಡ್ಯದ ಯಾವುದೋ ಸೂಲಗಿತ್ತಿಯನ್ನು ಕೇಳಿಯೇ ಬರೆದರೇನೋ ಎನ್ನಿಸುವಷ್ಟು ಹತ್ತಿರ. ಆ ಕಾನೂನಿನ 112ನೇ ಕಲಂ ಹೇಳಿದ್ದು ಇಷ್ಟು: ಊರ್ಜಿತ, ಅಂದರೆ ಕಾನೂನಿಗೆ ಸಲ್ಲುವ, ಮದುವೆಯೊಂದು ನಡೆಯುತ್ತಿರುವಾಗ ಹುಟ್ಟಿದ ಮಗು ಆ ಗಂಡನದು. ಮದುವೆ ಮುರಿದ 280 ದಿನಗಳೊಳಗೆ, ತಾಯಿ ಬೇರೆ ಮದುವೆಯಾಗದೆ ಇರುವಾಗ ಹುಟ್ಟಿದ ಮಗುವೂ ಅವನದೇ. ಇದು ಸುಮ್ಮನೆ ಒಂದು ಊಹೆಯಲ್ಲ, ನಿರ್ಣಾಯಕ ಸಾಕ್ಷ್ಯ. ಅಲ್ಲಗಳೆಯಲು ಇರುವ ಬಾಗಿಲು ಒಂದೇ. ಮಗು ಗರ್ಭದಲ್ಲಿ ನಿಂತ ಕಾಲದಲ್ಲಿ ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು.

2024ರ ಜುಲೈ 1ರಿಂದ ಹಳೆಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. 112 ಹೋಗಿ 116 ಆಗಿದೆ. ಅಂಕಿ ಬದಲಾಯಿತು, ಒಳಗಿನ ಮಾತು ಬದಲಾಗಲಿಲ್ಲ.

ತಾಯಿ ನಿಜ, ತಂದೆ ನಂಬಿಕೆ ಎಂಬ ಮಾತು ನಮ್ಮಲ್ಲಿದೆ. ಆ ನಂಬಿಕೆಯನ್ನು ಕಾನೂನು ತನ್ನ ಕೈಗೆ ತೆಗೆದುಕೊಂಡು ಗಟ್ಟಿ ಮಾಡಿದೆ, ಏಕೆಂದರೆ ಅದನ್ನು ಗಂಡನ ಕೈಯಲ್ಲೇ ಬಿಟ್ಟರೆ ಪ್ರತಿ ಜಗಳದಲ್ಲೂ ಮಗು ಪಣವಾಗುತ್ತದೆ. ಮೈಸೂರು, ಮಂಡ್ಯದ ನ್ಯಾಯಾಲಯಗಳ ಜಗಲಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವನಾಂಶದ ನೋಟಿಸು ಕೈಗೆ ಬಂದ ವಾರದಲ್ಲೇ 'ಮಗು ನನ್ನದಲ್ಲ' ಎಂಬ ಸಾಲು ಆಕ್ಷೇಪಣೆಯ ಪತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಅದುವರೆಗೆ ನಾಮಕರಣ ಮಾಡಿಸಿ, ಕಿವಿ ಚುಚ್ಚಿಸಿ, ಜಾತ್ರೆಯಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದವನಿಗೂ ಆ ದಿನ ಸಂಶಯ ಹುಟ್ಟುತ್ತದೆ.

ಸಂಶಯ ಸಾಲದು. ಅವಕಾಶವಿರಲಿಲ್ಲ ಎಂಬುದಕ್ಕೆ ನ್ಯಾಯಾಲಯ ಕೊಡುವ ಅರ್ಥ ಬಹಳ ಬಿಗಿ. ಗಂಡ ದುಬೈನಲ್ಲಿದ್ದ, ಪಾಸ್‌ಪೋರ್ಟಿನಲ್ಲಿ ಮುದ್ರೆಯಿದೆ. ಅಥವಾ ಜೈಲಿನಲ್ಲಿದ್ದ, ದಾಖಲೆಯಿದೆ. ಇಂಥದ್ದು ನಡೆಯುತ್ತದೆ. 'ನಾನು ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದೆ, ಆಕೆ ಮಂಡ್ಯದಲ್ಲಿದ್ದಳು' ಎಂಬುದು ನಡೆಯುವುದಿಲ್ಲ. ನೂರು ಕಿಲೋಮೀಟರು ದೂರ, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವವರಿಂದಲೇ ತುಂಬಿದ ರೈಲು. ಇದನ್ನು ದಾಂಪತ್ಯಕ್ಕೆ ಅಡ್ಡಿಯಾದ ದೂರವೆಂದು ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ದಂಪತಿ ಕೂಡಿದ್ದರೇ ಎಂಬುದನ್ನು ಕಾನೂನು ಕೇಳುವುದಿಲ್ಲ, ಕೂಡಬಹುದಿತ್ತೇ ಎಂದಷ್ಟೇ ಕೇಳುತ್ತದೆ.

ಛಾಪಾ ಕಾಗದದ ವಿಚ್ಛೇದನ

ನಮ್ಮ ಸೀಮೆಯ ನಿಜವಾದ ಗಂಟು ಇಲ್ಲಿದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಒಂದು ಕಲ್ಪಿತ ಉದಾಹರಣೆ. ಮದ್ದೂರಿನ ಕಡೆಯ ಹೆಣ್ಣುಮಗಳೊಬ್ಬಳಿಗೆ ಗಂಡನೊಂದಿಗೆ ಹೊಂದಲಿಲ್ಲ. ಎರಡೂ ಕಡೆಯ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಮಾಡಿದರು. ಛಾಪಾ ಕಾಗದ ತಂದು, 'ಇನ್ನು ನಿನಗೂ ನನಗೂ ಸಂಬಂಧವಿಲ್ಲ' ಎಂದು ಬರೆದು, ಸಾಕ್ಷಿಗಳ ರುಜು ಹಾಕಿಸಿ, ಕೊಟ್ಟದ್ದು ತಂದದ್ದು ಹಿಂದಿರುಗಿಸಿ ಎದ್ದರು. ಊರಿನ ಕಣ್ಣಿಗೆ ಮದುವೆ ಮುರಿಯಿತು. ಮೂರು ವರ್ಷದ ಮೇಲೆ ಆಕೆ ಇನ್ನೊಬ್ಬನೊಂದಿಗೆ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡಳು, ಮಗುವಾಯಿತು. ಅವನೂ ಕೈಬಿಟ್ಟ. ಜೀವನಾಂಶ ಕೇಳಿದರೆ ಅವನ ಉತ್ತರ ಸಿದ್ಧವಿತ್ತು: 'ಆಕೆಗೆ ನ್ಯಾಯಾಲಯದ ವಿಚ್ಛೇದನವಾಗಿಲ್ಲ. ಕಾನೂನಿನ ಪ್ರಕಾರ ಮೊದಲ ಗಂಡನೇ ಗಂಡ, ಮಗು ಅವನದೇ.'

ಮಗುವನ್ನು ಕಾಯಲೆಂದು ಬರೆದ ಕಲಮನ್ನು ಮಗುವಿನ ಮೇಲೆಯೇ ತಿರುಗಿಸುವ ಈ ಜಾಣತನಕ್ಕೆ ಕಾನೂನಿನಲ್ಲಿ ಆಧಾರವಿಲ್ಲ ಎನ್ನುವಂತಿಲ್ಲ. ಹಿಂದೂ ವಿವಾಹ ಅಧಿನಿಯಮದ 29ನೇ ಕಲಂ ಜಾತಿಯ ರೂಢಿಯಂತೆ ಆಗುವ ವಿಚ್ಛೇದನವನ್ನು ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದು ಬಂದಿದೆ ಎಂದು ಸಾಬೀತು ಮಾಡುವ ಹೊರೆ ಅದನ್ನು ಹೇಳುವವರದು. ಅದು ಸುಲಭವಲ್ಲ. ಸಾಬೀತಾಗದಿದ್ದರೆ ಛಾಪಾ ಕಾಗದಕ್ಕೆ ಮದುವೆ ಮುರಿಯುವ ಶಕ್ತಿಯಿಲ್ಲ.

2025ರ ಜನವರಿಯ ಕೊನೆಯಲ್ಲಿ, ಎರಡೇ ದಿನಗಳ ಅಂತರದಲ್ಲಿ, ಸುಪ್ರೀಂ ಕೋರ್ಟ್ ಈ ಗಂಟಿನ ಎರಡು ತುದಿಗಳನ್ನು ಹಿಡಿದ ಎರಡು ತೀರ್ಪು ಕೊಟ್ಟಿತು. ಜನವರಿ 28ರದ್ದು ಕೇರಳದ ಇವಾನ್ ರತಿನಂ ಪ್ರಕರಣ. ಮದುವೆಯೊಳಗೆ ಹುಟ್ಟಿದ ಮಗನೊಬ್ಬ, ತನ್ನ ನಿಜವಾದ ತಂದೆ ತಾಯಿಯ ಗಂಡನಲ್ಲ, ಬೇರೆಯವರು ಎಂದು ಡಿಎನ್‌ಎ ಪರೀಕ್ಷೆ ಕೋರಿದ್ದ. ನ್ಯಾಯಾಲಯ ಒಪ್ಪಲಿಲ್ಲ. ತಾಯಿಗೆ ಇನ್ನೊಬ್ಬರ ಸಂಪರ್ಕವಿತ್ತು ಎಂದು ತೋರಿಸಿದರೂ ಸಾಲದು, ಗಂಡನ ಸಂಪರ್ಕ ಇರಲೇ ಇಲ್ಲ ಎಂದು ತೋರಿಸಬೇಕು. ಅದು ಆಗದಿದ್ದರೆ ಧರ್ಮಜತ್ವವೇ, ಅಂದರೆ ಮಗು ಮದುವೆಯೊಳಗೆ ಹುಟ್ಟಿದ್ದು ಎಂಬ ಕಾನೂನಿನ ಸ್ಥಾನವೇ, ಪಿತೃತ್ವವನ್ನೂ ನಿರ್ಧರಿಸುತ್ತದೆ ಎಂದಿತು. ಜನವರಿ 30ರದ್ದು ಉಷಾ ರಾಣಿ ಪ್ರಕರಣ, ತೆಲಂಗಾಣದ್ದು. ಅದು ನಮ್ಮ ಮದ್ದೂರಿನ ಕಥೆಯ ಅಕ್ಕನಂತಿದೆ: ಮೊದಲ ಗಂಡನಿಂದ ಒಪ್ಪಂದ ಪತ್ರದ ಮೂಲಕ ಬೇರೆಯಾದ ಹೆಣ್ಣು, ಎಲ್ಲವನ್ನೂ ತಿಳಿದೇ ಮದುವೆಯಾದ ಎರಡನೆಯವನು. ನ್ಯಾಯಾಲಯದ ವಿಚ್ಛೇದನವಿಲ್ಲ ಎಂಬ ನೆಪವೊಡ್ಡಿ ಅವನು ಜೀವನಾಂಶದಿಂದ ಜಾರಿಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಎರಡನೆಯ ತೀರ್ಪು ಕೊಟ್ಟ ಪೀಠದಲ್ಲಿದ್ದವರು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಪಾಂಡವಪುರ ತಾಲ್ಲೂಕಿನ ಮೂಲದವರು. ಅರಳಿಕಟ್ಟೆಯ ನ್ಯಾಯ ಹೇಗಿರುತ್ತದೆ ಎಂದು ಅವರಿಗೆ ದೆಹಲಿಯ ವಕೀಲರು ವಿವರಿಸಬೇಕಾಗಿರಲಿಲ್ಲ ಎಂದು ನಾನು ಅಂದುಕೊಳ್ಳುತ್ತೇನೆ.

ಹಾಗಾದರೆ ಮದ್ದೂರಿನ ಹೆಣ್ಣುಮಗಳು ಮಾಡಬೇಕಾದ್ದೇನು? ಮದುವೆ ಮುರಿಯಲಾರದ ಆ ಛಾಪಾ ಕಾಗದವನ್ನೇ ಜೋಪಾನವಾಗಿ ತೆಗೆದಿಡಬೇಕು. ಅದು ವಿಚ್ಛೇದನವಲ್ಲ, ಆದರೆ ಯಾವ ದಿನದಿಂದ ಇಬ್ಬರೂ ಬೇರೆಯಾಗಿ ಬಾಳಿದರು ಎಂಬುದಕ್ಕೆ ಸಾಕ್ಷಿ. ಅದರ ಜೊತೆಗೆ ಪಡಿತರ ಚೀಟಿ, ಮತದಾರರ ಪಟ್ಟಿ, ಅಂಗನವಾಡಿಯ ದಾಖಲೆ, ಬಸುರಿಯಾಗಿದ್ದಾಗ ಕೊಟ್ಟ ತಾಯಿ ಕಾರ್ಡು. ತಾಯಿ ಕಾರ್ಡಿನಲ್ಲಿ ಗಂಡನ ಹೆಸರೆಂದು ಯಾರ ಹೆಸರಿದೆ, ಹೆರಿಗೆಗೆ ಆಸ್ಪತ್ರೆಗೆ ಸೇರಿಸುವಾಗ ರುಜು ಹಾಕಿದವರು ಯಾರು ಎಂಬ ಸಣ್ಣ ಸಂಗತಿಗಳೇ ಇಂಥ ಪ್ರಕರಣಗಳಲ್ಲಿ ತೂಕದವು. ಮೊದಲ ಗಂಡನ ಸಂಪರ್ಕವಿರಲಿಲ್ಲ ಎಂಬುದು ಅವುಗಳಿಂದ ನಿಂತರೆ, ಆಮೇಲೆ ಡಿಎನ್‌ಎ ಮಾತಿಗೆ ಬಲ ಬರುತ್ತದೆ.

ರಕ್ತ ಹೇಳುವುದನ್ನು ನ್ಯಾಯಾಲಯ ಯಾವಾಗ ಕೇಳುತ್ತದೆ

1872ರಲ್ಲಿ ಡಿಎನ್‌ಎ ಇರಲಿಲ್ಲ, ಈಗ ಇದೆ, ಇನ್ನೂ ಗರ್ಭದ ದಿನ ಎಣಿಸುತ್ತ ಕೂರುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಸುಪ್ರೀಂ ಕೋರ್ಟ್ 1993ರ ಗೌತಮ್ ಕುಂಡು ಪ್ರಕರಣದಿಂದ ಕೊಡುತ್ತ ಬಂದಿರುವ ಉತ್ತರ: ಕೇಳಿದ ಮಾತ್ರಕ್ಕೆ ರಕ್ತಪರೀಕ್ಷೆಗೆ ಆದೇಶವಿಲ್ಲ. ಸಂಪರ್ಕವಿರಲಿಲ್ಲ ಎಂಬುದಕ್ಕೆ ಮೇಲುನೋಟದ ಬಲವಾದ ಆಧಾರ ಬೇಕು. ಪರೀಕ್ಷೆಯ ಫಲವಾಗಿ ಮಗು ಹಾದರದ ಮಗುವೆನಿಸಿಕೊಳ್ಳುವ ಪರಿಣಾಮವನ್ನೂ ತೂಗಬೇಕು. 2023ರ ಅಪರ್ಣಾ ಫಿರೋಡಿಯಾ ಪ್ರಕರಣದಲ್ಲಿ ಇದಕ್ಕೆ ಮಗುವಿನ ಖಾಸಗಿತನವೂ ಸೇರಿತು. ಹೆಂಡತಿಯ ಮೇಲಿನ ಆರೋಪವನ್ನು ಸಾಬೀತು ಮಾಡಲು ಮಗುವಿನ ಮೈಯನ್ನು ಸಾಕ್ಷಿಪೆಟ್ಟಿಗೆ ಮಾಡಿಕೊಳ್ಳಬೇಡಿ ಎಂಬುದು ಅದರ ತಿರುಳು.

ಈ ಸಾಲಿಗೆ ಸೇರದ ತೀರ್ಪುಗಳೂ ಇವೆ. 2014ರ ನಂದಲಾಲ್ ಬಡವಾಯಿಕ್ ಪ್ರಕರಣದಲ್ಲಿ ಪರೀಕ್ಷೆ ಆಗಲೇ ಆಗಿಹೋಗಿತ್ತು. ಮರುಪರೀಕ್ಷೆಯೂ ಆ ವ್ಯಕ್ತಿ ತಂದೆಯಲ್ಲವೆಂದಿತು. ವಿಜ್ಞಾನ ಸತ್ಯವನ್ನು ಮುಂದಿಟ್ಟ ಮೇಲೆ ಊಹೆ ಅದಕ್ಕೆ ದಾರಿ ಬಿಡಬೇಕು ಎಂದು ಹೇಳಿ, ಮಗುವಿನ ಜೀವನಾಂಶವನ್ನು ನ್ಯಾಯಾಲಯ ನಿಲ್ಲಿಸಿತು. ಅದುವರೆಗೆ ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ ಎಂದಿತು. ಅದೇ ವರ್ಷದ ದೀಪಾನ್ವಿತಾ ರಾಯ್ ಪ್ರಕರಣದಲ್ಲಿ ಪರೀಕ್ಷೆಗೆ ಒಪ್ಪಿಗೆಯೇ ಸಿಕ್ಕಿತು. ಹೆಂಡತಿ ಬೇಡವೆನ್ನಬಹುದು, ಆದರೆ ಬೇಡವೆಂದರೆ ನ್ಯಾಯಾಲಯ ಆಕೆಗೆ ವಿರುದ್ಧವಾಗಿ ಊಹಿಸಿಕೊಳ್ಳಬಹುದು ಎಂಬ ಷರತ್ತಿನೊಂದಿಗೆ.

ಒಟ್ಟಾರೆ ಹೇಳುವುದಾದರೆ, ಪರೀಕ್ಷೆ ಆಗುವ ಮುನ್ನ ಕಾನೂನು ಕದ ಹಾಕಿಕೊಳ್ಳುತ್ತದೆ, ಆಗಿಹೋದರೆ ಫಲಿತಾಂಶಕ್ಕೆ ತಲೆಬಾಗುತ್ತದೆ. ತರ್ಕದ ದೃಷ್ಟಿಯಿಂದ ಇದು ವಿಚಿತ್ರ. ಮಗುವಿನ ದೃಷ್ಟಿಯಿಂದ ನೋಡಿದರೆ ನನಗೆ ಅಷ್ಟೇನೂ ವಿಚಿತ್ರವೆನಿಸುವುದಿಲ್ಲ. ಆದರೆ ಮಗುವೇ ಬೆಳೆದು ದೊಡ್ಡವನಾಗಿ ತಂದೆ ಯಾರೆಂದು ಕೇಳಿದರೆ? ರೋಹಿತ್ ಶೇಖರ್ ಹಾಗೆ ಕೇಳಿದರು. ಅವರ ತಾಯಿಗೂ ಮದುವೆಯಾಗಿತ್ತು, ಗಂಡನಿದ್ದರು. ಆದರೂ ದೆಹಲಿ ಹೈಕೋರ್ಟ್ ರಾಜಕಾರಣಿ ಎನ್.ಡಿ. ತಿವಾರಿಯವರ ರಕ್ತ ತೆಗೆಸಿತು. ಹೈದರಾಬಾದಿನ ಸಿಡಿಎಫ್‌ಡಿ ಪ್ರಯೋಗಾಲಯದ ವರದಿ 2012ರ ಜುಲೈನಲ್ಲಿ ತೆರೆದಾಗ ತಿವಾರಿಯವರೇ ತಂದೆ ಎಂದು ತಿಳಿಯಿತು. ಆ ಪ್ರಕರಣದಲ್ಲಿ ಧರ್ಮಜತ್ವ ಬೇರೆ, ಪಿತೃತ್ವ ಬೇರೆ ಎಂಬ ಎಳೆಯನ್ನು ಹೈಕೋರ್ಟ್ ಹಿಡಿದಿತ್ತು. 2025ರ ಕೇರಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಮತ್ತೆ ಒಂದೇ ಹಗ್ಗಕ್ಕೆ ಕಟ್ಟಿತು. ಹಾಲುಗಲ್ಲದ ಮಗುವನ್ನು ಅಪವಾದದಿಂದ ಕಾಯುವ ನಿಯಮವನ್ನು, ತಾನೇ ನಿಂತು ಕೇಳುತ್ತಿರುವ ವಯಸ್ಕನ ಮೇಲೂ ಅಷ್ಟೇ ಬಿಗಿಯಾಗಿ ಹೊದಿಸಬೇಕೇ ಎಂಬಲ್ಲಿ ನನಗೆ ಒಪ್ಪಿಗೆಯಿಲ್ಲ. ಮತ್ತೊಂದು ಕಡೆಯಿಂದ ನೋಡಿದರೆ, ಯಾರೋ ಒಬ್ಬರು ಬಂದು ತಂದೆ ನೀವೇ ಎಂದ ಮಾತ್ರಕ್ಕೆ ರಕ್ತ ಕೊಡಬೇಕಾದವನಿಗೂ, ಅವನ ಮನೆಯವರಿಗೂ ಮಾನವಿದೆ. ಆ ತೀರ್ಪು ಅದನ್ನು ಎತ್ತಿ ಹೇಳಿದ್ದು ಸರಿಯೇ.

ಅಂತರ್ಜಾಲದಲ್ಲಿ ಮಾರುವ ಪರೀಕ್ಷೆಯ ಪೆಟ್ಟಿಗೆ ತರಿಸಿ, ನಿದ್ದೆಯಲ್ಲಿರುವ ಮಗುವಿನ ಕೆನ್ನೆಯೊಳಗೆ ಹತ್ತಿ ಸವರಿ ಕಳುಹಿಸುವವರೂ ಇದ್ದಾರೆ. ಮಾದರಿ ಯಾರದು, ಯಾರೆದುರಿಗೆ ತೆಗೆದದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿಯಿಲ್ಲದ ಆ ವರದಿಯನ್ನು ನಂಬಿ ಯಾವ ನ್ಯಾಯಾಲಯವೂ ಮಗುವಿನ ತಂದೆಯನ್ನು ಅಳಿಸುವುದಿಲ್ಲ. ಮನೆಯ ನೆಮ್ಮದಿ ಹೋಗುತ್ತದೆ, ಅಷ್ಟೆ. ರಕ್ತವೇ ಕೊನೆಯ ಮಾತಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ: ದಾನಿಯ ವೀರ್ಯದಿಂದ ಚಿಕಿತ್ಸಾಲಯದಲ್ಲಿ ಮಗು ಪಡೆದ ದಂಪತಿಗೆ ಆ ಮಗು ಜೈವಿಕ ಮಗುವೇ ಎಂದು 2021ರ ಸಹಾಯಿತ ಸಂತಾನೋತ್ಪತ್ತಿ ಕಾನೂನು ಪರಿಗಣಿಸುತ್ತದೆ. ಅಲ್ಲಿ ಡಿಎನ್‌ಎ ಏನು ಹೇಳಿದರೂ ತಂದೆ ತಂದೆಯೇ.

ಅನ್ನ ಕಾಯುವುದಿಲ್ಲ

ಮಗುವಿನ ಜೀವನಾಂಶಕ್ಕೆ ಬೇಕಾದ ಪಿತೃತ್ವ, ಆಸ್ತಿಗೆ ಬೇಕಾದ ಪಿತೃತ್ವಕ್ಕಿಂತ ಹಗುರ. ಇದು ಹಳ್ಳಿಯಲ್ಲೂ ನಗರದಲ್ಲೂ ಬಹಳ ಜನರಿಗೆ ತಿಳಿಯದ ಸಂಗತಿ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಮಗು ಧರ್ಮಜವೋ ಅಧರ್ಮಜವೋ, ತನ್ನನ್ನು ತಾನು ಸಾಕಿಕೊಳ್ಳಲಾರದಿದ್ದರೆ ತಂದೆ ಸಾಕಬೇಕು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ('ಅಧರ್ಮಜ' ಎಂಬ ಪದ ಕಾನೂನಿನ ಕನ್ನಡದಲ್ಲಿ ಇನ್ನೂ ಕೂತಿದೆ. ಹುಟ್ಟಿದ್ದರಲ್ಲಿ ಮಗು ಮಾಡಿದ ಅಧರ್ಮವೇನೆಂದು ಅನುವಾದಿಸಿದವರನ್ನು ಕೇಳಬೇಕು.) ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಈ ಕಲಮಿಗಿಲ್ಲ. ಮದುವೆಯ ಕಟ್ಟುನಿಟ್ಟಾದ ಪುರಾವೆಯನ್ನೂ ಅದು ಕೇಳುವುದಿಲ್ಲ. ಗಂಡಹೆಂಡಿರಂತೆ ಬಹುಕಾಲ ಬಾಳಿದ್ದರೆ ಅದೇ ಸಾಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ್ದೇ ಆದ ಕಮಲಾ ಪ್ರಕರಣದಲ್ಲಿ ಹೇಳಿತು.

ತಾಯಿ ಮಗುವಿನೊಂದಿಗೆ ತವರಿನಲ್ಲಿದ್ದರೆ ಅಲ್ಲಿಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ಗಂಡ ಬೆಂಗಳೂರಿನಲ್ಲಿದ್ದಾನೆಂದು ಕೃಷ್ಣರಾಜಪೇಟೆಯ ಹೆಣ್ಣುಮಗಳು ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಯಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಇದಕ್ಕೆ ವರಮಾನದ ಮಿತಿಯಿಲ್ಲ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ.

ಪ್ರಕರಣ ಮುಗಿಯುವವರೆಗೆ ಮಧ್ಯಂತರ ಜೀವನಾಂಶ ಕೇಳಬಹುದು. ನೋಟಿಸು ತಲುಪಿದ ಅರವತ್ತು ದಿನಗಳೊಳಗೆ, ಆದಷ್ಟು ಮಟ್ಟಿಗೆ, ಅದನ್ನು ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. 'ಆದಷ್ಟು ಮಟ್ಟಿಗೆ' ಎಂಬ ಎರಡು ಪದಗಳಲ್ಲಿ ಎಷ್ಟು ಮುಂದಿನ ದಿನಾಂಕಗಳು ಅಡಗಿವೆ ಎಂಬುದು ನ್ಯಾಯಾಲಯಕ್ಕೆ ಓಡಾಡಿದವರಿಗೆ ಗೊತ್ತು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪು ಇದಕ್ಕೆ ಒಂದು ಮದ್ದು ಹುಡುಕಿತು. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶ ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು. ಎಳೆದಾಡಿದರೆ ಬಾಕಿ ಬೆಳೆಯುತ್ತದೆ ಎಂಬ ಭಯ ಈಗ ಎಳೆದಾಡುವವನಿಗೇ ಇದೆ.

ಆದಾಯ ತೋರಿಸುವ ವಿಷಯ ಬಂದಾಗ ಮಂಡ್ಯದ ಪ್ರಕರಣಗಳಿಗೆ ಬೇರೆಯದೇ ಬಣ್ಣ. ಸಂಬಳದವನಾದರೆ ಸಂಬಳದ ಚೀಟಿಯಿದೆ. ನಾಲೆಯ ಬಯಲಿನ ಗದ್ದೆಯವನು ಬಂದು 'ನನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ ಸ್ವಾಮಿ' ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಿನಲ್ಲಿದೆ, ಪೌತಿ ಖಾತೆಯಾಗಿಲ್ಲ. ಕಬ್ಬು ಕಡಿಸುವವನು ಇವನು, ಟ್ರ್ಯಾಕ್ಟರು ಓಡಿಸುವವನು ಇವನು, ಖಾತೆ ಮಾತ್ರ ಸ್ವರ್ಗಸ್ಥರದು. ಇಲ್ಲಿ ಪಹಣಿಗಿಂತ ಬ್ಯಾಂಕಿನ ಪುಸ್ತಕ ಹೆಚ್ಚು ಮಾತಾಡುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬಿನ ಹಣವನ್ನು ಯಾರ ಖಾತೆಗೆ ಹಾಕಿತು, ಹಾಲಿನ ಡೇರಿಯ ಬಟವಾಡೆ ಯಾರಿಗೆ ಬರುತ್ತಿದೆ, ಟ್ರ್ಯಾಕ್ಟರಿನ ಸಾಲದ ಕಂತು ಯಾರು ಕಟ್ಟುತ್ತಿದ್ದಾರೆ? ತಿಂಗಳಿಗೆ ಇಷ್ಟು ಕಂತು ಕಟ್ಟುವವನಿಗೆ ವರಮಾನವಿಲ್ಲ ಎಂದರೆ ನಂಬುವವರು ಯಾರು? ಏನೂ ಸಿಗದಿದ್ದರೂ, ಗಟ್ಟಿಮುಟ್ಟಾದ ಗಂಡಸು ದುಡಿದು ಸಾಕಬೇಕು, ಕೂಲಿ ಮಾಡಿಯಾದರೂ ಸರಿ ಎಂದು 2022ರ ಅಂಜು ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಾಯಿ ಚೆನ್ನಾಗಿ ದುಡಿಯುತ್ತಿದ್ದರೆ ಮಗುವಿನ ಓದಿನ ಖರ್ಚನ್ನು ಇಬ್ಬರ ಶಕ್ತಿಯಂತೆ ಹಂಚಬಹುದು. ಮೈಸೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಈ ಮಾತು ಹೆಚ್ಚು ಬರುತ್ತದೆ.

ಆದೇಶವಾದರೂ ಕೊಡದಿದ್ದರೆ ವಾರಂಟು ಬರುತ್ತದೆ. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದೆ, ಸಾಲ ತೀರಿತು ಎಂದುಕೊಂಡವರಿದ್ದಾರೆ. ತೀರುವುದಿಲ್ಲ. ಆದರೆ ತಾಯಂದಿರು ತಪ್ಪುವ ಜಾಗವೂ ಒಂದಿದೆ: ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿಯ ಅರ್ಜಿ ಹಾಕಬೇಕು. 'ಇಂದಲ್ಲ ನಾಳೆ ಕೊಟ್ಟಾನು' ಎಂದು ಎರಡು ವರ್ಷ ಕಾದು ಕೂತರೆ ವಾರಂಟಿನ ದಾರಿ ಮುಚ್ಚಿಹೋಗುತ್ತದೆ.

ಪಂಚಾಯಿತಿಯಲ್ಲಿ ಇಡಿಗಂಟಾಗಿ ಇಷ್ಟು ಕೊಟ್ಟು, 'ಇನ್ನು ಮಗುವಿಗಾಗಿ ಏನನ್ನೂ ಕೇಳುವುದಿಲ್ಲ' ಎಂದು ತಾಯಿಯಿಂದ ಬರೆಸಿಕೊಂಡ ಕಾಗದಗಳ ಬಗ್ಗೆ ಒಂದು ಮಾತು. ಮಗುವಿನ ಹಕ್ಕು ತಾಯಿ ಬರೆದುಕೊಡುವಂಥದ್ದಲ್ಲ. ಆ ಸಾಲು ಮಗುವನ್ನು ಕಟ್ಟಿಹಾಕುವುದಿಲ್ಲ.

ಮಗು ಯಾರ ಬಳಿ

'ದುಡ್ಡು ಬೇಕಾದರೆ ಮಗು ಕೊಡು' ಎಂಬ ಮಾತು ಎಷ್ಟು ರೂಢಿಯಾಗಿದೆ ಎಂದರೆ ಎರಡೂ ಕಡೆಯವರು ಅದನ್ನು ಕಾನೂನೆಂದೇ ತಿಳಿದಿದ್ದಾರೆ. ಜೀವನಾಂಶ ಕೊಟ್ಟವನಿಗೆ ಮಗುವಿನ ಸುಪರ್ದಿ ಸಿಗಬೇಕೆಂದೇನೂ ಇಲ್ಲ, ಕೊಡದವನಿಗೆ ಮಗುವಿನ ಮುಖ ತೋರಿಸಬಾರದೆಂದೂ ಇಲ್ಲ. ಒಂದೇ ಕೌಟುಂಬಿಕ ನ್ಯಾಯಾಲಯದ ಎದುರು ಬಂದರೂ ಅವು ಬೇರೆ ಬೇರೆ ಕಡತಗಳು, ಕೇಳುವ ಪ್ರಶ್ನೆಗಳೂ ಬೇರೆ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ 6ನೇ ಕಲಂ, ಮದುವೆಯೊಳಗೆ ಹುಟ್ಟಿದ ಮಗುವಿಗೆ ತಂದೆ ಸಹಜ ಪೋಷಕ, ಅವನ 'ನಂತರ' ತಾಯಿ ಎನ್ನುತ್ತದೆ. ಈ 'ನಂತರ'ಕ್ಕೆ ತಂದೆ ಸತ್ತ ನಂತರ ಎಂಬ ಅರ್ಥವೇ ಇತ್ತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಪದವನ್ನು 'ತಂದೆಯ ಗೈರಿನಲ್ಲಿ' ಎಂದು ಓದಿತು. ಮನೆಯಲ್ಲಿದ್ದೂ ಮಗುವಿನ ಕಡೆ ತಿರುಗಿ ನೋಡದವನೂ ಗೈರುಹಾಜರಾದವನೇ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಸರದಿ ತಿರುವುಮುರುವು: ಮೊದಲು ತಾಯಿ, ಆಮೇಲೆ ತಂದೆ. ಆ ತಂದೆ ಮಗುವಿನ ಮೇಲೆ ಹಕ್ಕು ಕೇಳಬೇಕಾದರೆ ಮೊದಲು ತಾನೇ ತಂದೆಯೆಂದು ಸ್ಥಾಪಿಸಬೇಕು. ಪಿತೃತ್ವ ಎಂದೊಡನೆ ಅದನ್ನು ಅಲ್ಲಗಳೆಯುವ ಗಂಡಸರಷ್ಟೇ ನಮ್ಮ ಕಣ್ಣಿಗೆ ಬರುತ್ತಾರೆ. ತನ್ನದೇ ಮಗು ಎಂದು ಗೋಗರೆಯುತ್ತ ನಿಂತವನೂ ಇದೇ ಕಾನೂನಿನ ಬಾಗಿಲಲ್ಲಿ ಇರುತ್ತಾನೆ. ಮುಸ್ಲಿಂ ಕುಟುಂಬಗಳಲ್ಲಿ ಹನಫಿ ಪದ್ಧತಿಯಂತೆ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿಯ ಆರೈಕೆಯಲ್ಲಿ.

ಈ ನಿಯಮಗಳೆಲ್ಲದರ ಮೇಲೆ ಒಂದು ಮಾತು ಕೂತಿದೆ: ಮಗುವಿನ ಹಿತವೇ ಪರಮ. 1890ರ ಪೋಷಕರು ಮತ್ತು ಪಾಲ್ಯರ ಅಧಿನಿಯಮ, ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಗಮನಿಸಬಹುದು ಎನ್ನುತ್ತದೆ. ವ್ಯವಹಾರದಲ್ಲಿ ನೋಡಿದರೆ ನಮ್ಮಲ್ಲಿ ಎಷ್ಟೋ ಮಕ್ಕಳು ತಾಯಿಯ ಬಳಿಯೂ ಅಲ್ಲ, ತಂದೆಯ ಬಳಿಯೂ ಅಲ್ಲ, ಅಜ್ಜಿಯ ಮಡಿಲಲ್ಲಿ ಬೆಳೆಯುತ್ತವೆ. ತಾಯಿ ಮೈಸೂರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಾಳೆ, ಮಗು ಊರಿನಲ್ಲಿ. ಇದನ್ನು ತೋರಿಸಿ 'ತಾಯಿ ನೋಡಿಕೊಳ್ಳುತ್ತಿಲ್ಲ' ಎಂದು ಸುಪರ್ದಿ ಕೇಳುವ ವಕೀಲರಿದ್ದಾರೆ. ತಂದೆಯ ಮನೆಗೆ ಹೋದರೂ ಮಗುವನ್ನು ನೋಡಿಕೊಳ್ಳುವುದು ಇನ್ನೊಬ್ಬ ಅಜ್ಜಿಯೇ ಎಂಬುದನ್ನು ಅವರು ಹೇಳುವುದಿಲ್ಲ.

ಜೀವನಾಂಶದ ಕಡತದಲ್ಲಿ 'ಮಗು ನನ್ನದಲ್ಲ' ಎಂದು ಪ್ರಮಾಣ ಮಾಡಿ ಬರೆದವನು, ಎರಡು ವರ್ಷದ ಮೇಲೆ ಸುಪರ್ದಿಯ ಕಡತದಲ್ಲಿ 'ನನ್ನ ಕರುಳಿನ ಕುಡಿ' ಎಂದು ಬರೆದರೆ ಎರಡೂ ಕಾಗದಗಳು ಒಂದೇ ಮೇಜಿನ ಮೇಲೆ ಬರುತ್ತವೆ. ಜೀವನಾಂಶ ತಪ್ಪಿಸಿಕೊಳ್ಳಲು ಹೇಳಿದ ಒಂದು ಸಾಲು, ಮಗುವನ್ನು ಭಾನುವಾರ ಎರಡು ಗಂಟೆ ನೋಡುವ ಅವಕಾಶಕ್ಕೂ ಅಡ್ಡ ಬಂದೀತು. ಕಕ್ಷಿದಾರರಿಗೆ ಇದನ್ನು ಮೊದಲೇ ತಿಳಿಹೇಳುವ ವಕೀಲರ ಸಂಖ್ಯೆ ಹೆಚ್ಚಬೇಕು.

ಹೆಸರಿನ ಅಂಕಣ, ವಂಶವೃಕ್ಷ

ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿದ್ದರೆ ಅದು ಪಿತೃತ್ವಕ್ಕೆ ಒಂದು ಸಾಕ್ಷಿ, ಆದರೆ ಕೊನೆಯ ಸಾಕ್ಷಿಯಲ್ಲ. ಇಲ್ಲದಿದ್ದರೆ ಮಗುವಿನ ಪ್ರಮಾಣಪತ್ರ ನಿಲ್ಲುವುದೂ ಇಲ್ಲ. ಒಂಟಿ ತಾಯಿ ಅಥವಾ ಅವಿವಾಹಿತ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಪ್ರಮಾಣಪತ್ರ ಕೇಳಿದರೆ ಒಂದು ಅಫಿಡವಿಟ್ಟು ಪಡೆದು ಕೊಡಬೇಕು ಎಂದು 2015ರ ಜುಲೈ 6ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ತಂದೆಯ ಹೆಸರು ಹೇಳೆಂದು ಆಕೆಯನ್ನು ಒತ್ತಾಯಿಸುವಂತಿಲ್ಲ ಎಂದದ್ದೂ ಅದೇ ತೀರ್ಪು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆಯಾಗಿರುವುದರಿಂದ ಈ ಆದೇಶದ ತೂಕ ಹೆಚ್ಚಿದೆ. ಕಿಟಕಿಯ ಆಚೆ ಕೂತ ಗುಮಾಸ್ತರಿಗೆ ಆ ಆದೇಶದ ಒಂದು ಪ್ರತಿಯನ್ನು ತೋರಿಸಬೇಕಾಗಿ ಬರಬಹುದು. ಅದು ಕೈಯಲ್ಲಿರುವುದು ಒಳ್ಳೆಯದು.

ಮಂಡ್ಯದಲ್ಲಿ ತಂದೆಯ ಹೆಸರಿನ ನಿಜವಾದ ಬೆಲೆ ಗೊತ್ತಾಗುವುದು ಅವನು ಸತ್ತ ಮೇಲೆ, ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕುವ ದಿನ. ಮೊದಲ ಹೆಂಡತಿಯ ಮಕ್ಕಳು ಕೊಟ್ಟ ವಂಶವೃಕ್ಷದಲ್ಲಿ ಎರಡನೆಯವಳ ಮಕ್ಕಳಿಗೆ ಕೊಂಬೆಯೇ ಇರುವುದಿಲ್ಲ. ಇಲ್ಲಿಯೂ ಕರ್ನಾಟಕದಿಂದಲೇ ಹೋದ ಪ್ರಕರಣವೊಂದು ದಾರಿ ತೋರಿಸಿದೆ. ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಅನೂರ್ಜಿತ ಮದುವೆಯ ಮಕ್ಕಳೂ ಹಿಂದೂ ವಿವಾಹ ಅಧಿನಿಯಮದ 16ನೇ ಕಲಮಿನಂತೆ ಧರ್ಮಜರೇ, ತಂದೆತಾಯಿಯ ಆಸ್ತಿಯಲ್ಲಿ ಅವರಿಗೆ ಪಾಲಿದೆ ಎಂದಿತು. ಪಿತ್ರಾರ್ಜಿತದಲ್ಲಿ ತಂದೆಗೆ ಬರುತ್ತಿದ್ದ ಪಾಲಿನೊಳಗೆ ಅವರು ಹಕ್ಕುದಾರರು. ದೊಡ್ಡಪ್ಪ ಚಿಕ್ಕಪ್ಪಂದಿರ ಪಾಲಿನಲ್ಲಿ ಅಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟ್, ಎರಡನೇ ಹೆಂಡತಿಯ ಮಗನಿಗೆ ಅನುಕಂಪದ ನೌಕರಿ ನಿರಾಕರಿಸುವುದನ್ನು ಒಪ್ಪದೆ, ಹುಟ್ಟಿನಲ್ಲಿ ಮಗುವಿನ ಪಾತ್ರವೇನೂ ಇಲ್ಲ ಎಂದು ಇದೇ ಧಾಟಿಯಲ್ಲಿ ಹೇಳಿತ್ತು.

ಆದರೆ 16ನೇ ಕಲಂ ಕೆಲಸ ಮಾಡುವುದಕ್ಕೆ ಅನೂರ್ಜಿತವಾದರೂ ಒಂದು ಮದುವೆ ಆಗಿರಬೇಕು. ದೇವಸ್ಥಾನದ ರಸೀದಿ, ಹಾರ ಹಾಕಿಕೊಂಡ ಒಂದು ಫೋಟೊ, ಪುರೋಹಿತರ ಸಾಕ್ಷ್ಯ, ಏನಾದರೊಂದು. ಮದುವೆಯ ಶಾಸ್ತ್ರವೇ ನಡೆಯದೆ ಹುಟ್ಟಿದ ಮಗುವಿಗೆ ಈ ಕಲಂ ನೆರಳು ಕೊಡುವುದಿಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮ ಅಂಥ ಮಗುವನ್ನು ತಾಯಿಯ ಕಡೆಯ ಸಂಬಂಧಿಯೆಂದಷ್ಟೇ ಎಣಿಸುತ್ತದೆ. ಅಂದರೆ ಡಿಎನ್‌ಎ ನೂರಕ್ಕೆ ನೂರು ಕೂಡಿದರೂ, ತಂದೆ ಬದುಕಿರುವಾಗ ತಿಂಗಳ ಜೀವನಾಂಶ ತಪ್ಪದೆ ಬಂದಿದ್ದರೂ, ಅವನು ಏನನ್ನೂ ಬರೆದಿಡದೆ ಸತ್ತರೆ ಗದ್ದೆಯಲ್ಲಿ ಮಗುವಿಗೆ ವಾರಸುದಾರಿಕೆ ಇಲ್ಲ. ಹೆಚ್ಚೆಂದರೆ ಅವನು ಬಿಟ್ಟುಹೋದ ಆಸ್ತಿಯಿಂದ, ಮಗನಾದರೆ ವಯಸ್ಸಿಗೆ ಬರುವವರೆಗೆ, ಮಗಳಾದರೆ ಮದುವೆಯಾಗುವವರೆಗೆ, ಪೋಷಣೆಯ ವೆಚ್ಚ ಕೇಳಬಹುದು.

ಇಂಥ ಮಗುವಿನ ತಂದೆ ಕೊಡಬಯಸಿದರೆ ಉಯಿಲು ಬರೆಯಬೇಕು. ಸ್ವಯಾರ್ಜಿತವನ್ನು ಪೂರ್ತಿಯಾಗಿ, ಒಟ್ಟು ಕುಟುಂಬದ ಆಸ್ತಿಯಲ್ಲಿ ತನ್ನ ಪಾಲಿನ ಮಟ್ಟಿಗೆ, ಅವನು ಯಾರಿಗೆ ಬೇಕಾದರೂ ಬರೆಯಬಹುದು. ಛಾಪಾ ಕಾಗದವೂ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಅವನ ರುಜು ಮತ್ತು ಅದನ್ನು ಕಂಡು ರುಜು ಹಾಕುವ ಇಬ್ಬರು ಸಾಕ್ಷಿಗಳು ಸಾಕು. ಅರಳಿಕಟ್ಟೆಯ ಮೇಲೆ ಬೇರೆ ಕಾಗದಗಳಿಗೆಲ್ಲ ಸಿಗುವ ಸಾಕ್ಷಿಗಳು ಇದಕ್ಕೂ ಸಿಗುತ್ತಾರೆ.